ತಲೆಯಲ್ಲಿ ನೈಲಾನ್ ಕೂದಲು: ಹಾಕಿಸಿದರೆ ನಿಲ್ಲುತ್ತದೆಯೇ?

ಬೋಳುತಲೆಯ ಬಗ್ಗೆ ಒಂದು ಸಲ ಗೂಗಲ್‌ನಲ್ಲಿ ಹುಡುಕಿದರೆ ಸಾಕು, ಆಮೇಲೆ ವಾರಗಟ್ಟಲೆ ಫೋನ್ ತುಂಬ ಅದೇ ಜಾಹೀರಾತು. ಎಡಕ್ಕೆ ಬೋಳು, ಬಲಕ್ಕೆ ತುಂಬುಗೂದಲು, ಕೆಳಗೆ 'ಒಂದೇ ದಿನದಲ್ಲಿ' ಎಂಬ ಸಾಲು. ಹೆಚ್ಚಿನವು ಹೇರ್ ಟ್ರಾನ್ಸ್‌ಪ್ಲಾಂಟ್‌ನವು, ಇಲ್ಲವೇ ಹೇರ್ ಪ್ಯಾಚ್‌ನವು. ನಡುವೆ ಒಮ್ಮೊಮ್ಮೆ 'ಸಿಂಥೆಟಿಕ್ ಹೇರ್ ಇಂಪ್ಲಾಂಟ್', 'ಬಯೋಫೈಬರ್' ಎಂಬ ಹೆಸರೂ ಸುಳಿಯುತ್ತದೆ. ಹಿಂದಲೆಯಲ್ಲೂ ಸಾಕಷ್ಟು ಕೂದಲಿಲ್ಲ, ಕಸಿ ಆಗುವುದಿಲ್ಲ ಎಂದು ಚರ್ಮವೈದ್ಯರಿಂದ ಕೇಳಿಸಿಕೊಂಡು ಬಂದವರಿಗೆ ಇದು ಉಳಿದ ಒಂದೇ ದಾರಿಯಂತೆ ಕಾಣುತ್ತದೆ.

ಕಾರ್ಖಾನೆಯಲ್ಲಿ ತಯಾರಾದ ಎಳೆಯನ್ನು ನೆತ್ತಿಯ ಚರ್ಮದೊಳಗೆ ಒಂದೊಂದಾಗಿ ಸಿಕ್ಕಿಸುವ ಈ ವಿಧಾನ ಹೊಸದೇನಲ್ಲ. ಅಮೆರಿಕದಲ್ಲಿ ಇದಕ್ಕೆ 1983ರಿಂದಲೇ ನಿಷೇಧವಿದೆ. ಯುರೋಪಿನಲ್ಲಿ ಇದು ವೈದ್ಯಕೀಯ ಸಾಧನವೆಂದು ಮಾರುಕಟ್ಟೆಗೆ ಬಂತು. ಒಂದೇ ವಸ್ತು ಒಂದು ಕಡೆ ಅಪಾಯ, ಇನ್ನೊಂದು ಕಡೆ ಚಿಕಿತ್ಸೆ ಆದದ್ದು ಹೇಗೆ ಎಂದು ತಿಳಿಯಬೇಕಾದರೆ ಚರ್ಮದಿಂದಲೇ ಶುರು ಮಾಡಬೇಕು.

ಪ್ಯಾಚ್ ಬೇರೆ, ಕಸಿ ಬೇರೆ, ಇದು ಬೇರೆ

ವಿಗ್, ಹೇರ್ ಪ್ಯಾಚ್, ಊರೂರಿನ ಬೋರ್ಡುಗಳಲ್ಲಿ ಕಾಣುವ 'ಹೇರ್ ಫಿಕ್ಸಿಂಗ್', ಇವೆಲ್ಲ ಚರ್ಮದ ಹೊರಗಿನ ವ್ಯವಹಾರ. ಅಂಟು, ಟೇಪು ಅಥವಾ ಕ್ಲಿಪ್ಪಿನಿಂದ ಕೂರಿಸುತ್ತಾರೆ. ಬೇಡವೆಂದರೆ ತೆಗೆಯಬಹುದು.

ಟ್ರಾನ್ಸ್‌ಪ್ಲಾಂಟ್ ಎಂದರೆ ಕಸಿ. ನಿಮ್ಮದೇ ಹಿಂದಲೆಯಿಂದ ಕೂದಲನ್ನು ಅದರ ಜೀವಂತ ಬುಡದ ಸಮೇತ ಕಿತ್ತು ಮುಂದಲೆಗೆ ಹಚ್ಚುತ್ತಾರೆ. ಗಂಡಸರ ಬೋಳಿಗೆ ಕಾರಣವಾಗುವ ಡಿಎಚ್‌ಟಿ ಹಾರ್ಮೋನಿಗೆ ಹಿಂದಲೆಯ ಕೂದಲು ಸುಲಭಕ್ಕೆ ಬಗ್ಗುವುದಿಲ್ಲ. ಜಾಗ ಬದಲಾಯಿಸಿದರೂ ಅದು ತನ್ನ ಹಳೆಯ ಗುಣವನ್ನು ಉಳಿಸಿಕೊಳ್ಳುತ್ತದೆ. ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್ 1959ರಲ್ಲಿ ಪ್ರಕಟಿಸಿದ ಈ ಸಂಗತಿಯ ಮೇಲೆಯೇ ಇವತ್ತಿನ ಕಸಿ ಉದ್ಯಮ ನಿಂತಿದೆ. ಹಚ್ಚಿದ ಕೂದಲು ಕೆಲವೇ ವಾರಗಳಲ್ಲಿ ಉದುರಿ, ಮೂರು-ನಾಲ್ಕು ತಿಂಗಳಿಗೆ ಮತ್ತೆ ಚಿಗುರಿ, ಪೂರ್ತಿ ತುಂಬಿಕೊಳ್ಳಲು ವರ್ಷ ಹಿಡಿಯುತ್ತದೆ. 'ಒಂದೇ ದಿನದಲ್ಲಿ' ಎಂಬ ಮಾತು ಕಸಿಗೆ ಹೊಂದುವುದಿಲ್ಲ.

ಕೃತಕ ಕೂದಲ ಇಂಪ್ಲಾಂಟ್‌ನಲ್ಲಿ ಚರ್ಮದೊಳಗೆ ಹೋಗುವುದು ಜೀವವಿಲ್ಲದ ಎಳೆ. ಪಾಲಿಯೆಸ್ಟರ್, ಅಕ್ರಿಲಿಕ್, ನೈಲಾನ್ ಜಾತಿಯ ಪಾಲಿಅಮೈಡ್, ಹೀಗೆ ಯಾವುದಾದರೂ ಆಗಬಹುದು. ಇದು ಬೆಳೆಯುವುದಿಲ್ಲ, ನರೆಯುವುದಿಲ್ಲ, ಉದುರಿದರೆ ಮತ್ತೆ ಹುಟ್ಟುವುದಿಲ್ಲ. ಹಾಕಿಸಿದ ದಿನವೇ ಪೂರ್ತಿ ಉದ್ದದಲ್ಲಿ ಕಾಣುವುದೊಂದೇ ಅದರ ದೊಡ್ಡ ಆಕರ್ಷಣೆ.

ಪ್ಲಾಸ್ಟಿಕ್ ಬದಲು ನಿಜವಾದ ಮನುಷ್ಯರ ಕೂದಲನ್ನೇ ಸಿಕ್ಕಿಸಿದರಾಯಿತಲ್ಲ ಎಂದು ಅನ್ನಿಸಬಹುದು. ಅದಕ್ಕೇನೂ ಬರವಿಲ್ಲ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಮನೆಮನೆಯ ಬಾಚಣಿಗೆಯಿಂದ ಬಂದ ಗಂಟುಗೂದಲನ್ನು ಬಿಡಿಸಿ, ತೊಳೆದು, ಉದ್ದದ ಪ್ರಕಾರ ವಿಂಗಡಿಸಿ ವಿಗ್‌ಗೆ ಕಳಿಸುವ ದೊಡ್ಡ ಕಸುಬೇ ಇದೆ. ಆದರೆ ಕತ್ತರಿಸಿದ ಕೂದಲಿಗೆ ಬುಡವಿಲ್ಲ, ಜೀವವೂ ಇಲ್ಲ. ಚರ್ಮದೊಳಗೆ ತೂರಿಸಿದರೆ ಅದೂ ನೈಲಾನಿನಷ್ಟೇ ಪರಕೀಯ. ಅಮೆರಿಕದ ನಿಷೇಧದ ವ್ಯಾಖ್ಯೆಯಲ್ಲಿ ಸಂಸ್ಕರಿಸಿದ ಮನುಷ್ಯರ ಕೂದಲನ್ನೂ ಹೆಸರಿಸಿ ಸೇರಿಸಿದ್ದಾರೆ.

ಹುಟ್ಟುಗೂದಲು ಚರ್ಮವನ್ನು ತೂತು ಮಾಡಿಲ್ಲ

ಇಡೀ ವಿಷಯದ ಕೀಲಿ ಇಲ್ಲಿದೆ. ಕೂದಲು ಚರ್ಮವನ್ನು ಸೀಳಿಕೊಂಡು ಹೊರಬಂದಿದೆ ಎಂದು ನಾವು ಅಂದುಕೊಂಡಿರುತ್ತೇವೆ. ಹಾಗಿಲ್ಲ. ತಾಯಿಯ ಹೊಟ್ಟೆಯಲ್ಲಿರುವಾಗಲೇ ಮೇಲ್ಚರ್ಮ ಅಲ್ಲಲ್ಲಿ ಒಳಕ್ಕೆ ಮಡಚಿಕೊಂಡು ಸಣ್ಣ ಚೀಲಗಳಾಗುತ್ತದೆ. ವೈದ್ಯರು ಫಾಲಿಕಲ್ ಅನ್ನುವುದು ಇದನ್ನೇ. ಚೀಲದ ತಳದಲ್ಲಿರುವ ಜೀವಕೋಶಗಳು ಒಂದೇ ಸಮನೆ ಹುಟ್ಟುತ್ತ, ಗಟ್ಟಿಯಾಗಿ ಸಾಯುತ್ತ, ಮೇಲಕ್ಕೆ ತಳ್ಳಿಸಿಕೊಳ್ಳುತ್ತವೆ. ಹಾಗೆ ಮೇಲೆ ಬಂದ ಕಂಬವೇ ಕೂದಲು, ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಚೀಲದ ಗೋಡೆಯೂ ಚರ್ಮವೇ, ತಳವೂ ಚರ್ಮವೇ. ಬ್ಯಾಕ್ಟೀರಿಯಾ ಕೂದಲಿನ ಪಕ್ಕದಲ್ಲಿ ಕೆಳಗಿಳಿದರೂ ದೇಹದ ಒಳಭಾಗ ಸಿಗುವುದಿಲ್ಲ. ಇನ್ನೊಂದು ಪದರ ಚರ್ಮ ಅಡ್ಡ ನಿಂತಿರುತ್ತದೆ.

ನೆತ್ತಿಯ ಮೇಲೆ ಅಂದಾಜು 1 ಲಕ್ಷ ಕೂದಲಿದ್ದೂ ಒಂದು ತೂತೂ ಇಲ್ಲದಿರುವುದು ಹೀಗೆ. ದಿನಕ್ಕೆ 50ರಿಂದ 100 ಕೂದಲು ಉದುರಿದರೂ ಗಾಯವಾಗುವುದಿಲ್ಲ. ಕಸಿಯಲ್ಲಿ ಈ ಚೀಲವನ್ನೇ ಇಡಿಯಾಗಿ ಎತ್ತಿ ಇಡುವುದರಿಂದ ಹೊಸ ಜಾಗದಲ್ಲೂ ಚರ್ಮದ ಕೋಟೆ ಮತ್ತೆ ಕೂಡಿಕೊಳ್ಳುತ್ತದೆ. ಕೃತಕ ಎಳೆಗೆ ಅಂಥ ಚೀಲವಿಲ್ಲ.

ಎಳೆ ಒಳಗೆ ಹೋಗುವ ಬಗೆ

ನೆತ್ತಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಪ್ರತಿ ಎಳೆಯ ಬುಡದಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಗಂಟೋ ಕುಣಿಕೆಯೋ ಇರುತ್ತದೆ. ಕೊಕ್ಕೆಯಂಥ ಸೂಜಿಯಿರುವ ಸಾಧನಕ್ಕೆ ಅದನ್ನು ಸಿಕ್ಕಿಸಿ, ಚರ್ಮ ಮತ್ತು ಅದರಡಿಯ ಕೊಬ್ಬನ್ನು ದಾಟಿಸಿ, ಗೇಲಿಯಾ ಎಂಬ ಗಟ್ಟಿ ಪೊರೆಯ ತನಕ ಇಳಿಸುತ್ತಾರೆ. ಸೂಜಿಯನ್ನು ಹಿಂದಕ್ಕೆಳೆದಾಗ ಗಂಟು ಅಲ್ಲೇ ಕಚ್ಚಿಕೊಳ್ಳುತ್ತದೆ. ಒಂದು ಮುಗಿದರೆ ಇನ್ನೊಂದು. ಒಂದೊಂದು ಬೈಠಕ್ಕಿಗೆ ನೂರಾರು ಎಳೆ. ಕೂದಲು ದಟ್ಟವಾಗಿ ಕಾಣಬೇಕಾದರೆ ಹಲವು ಬೈಠಕ್ಕು ಸೇರಿ ಸಾವಿರಗಳಲ್ಲಿ ಬೇಕು.

ಮೊದಲೇ ಪೂರ್ತಿ ಹಾಕುವುದಿಲ್ಲ, ಹಾಕಬಾರದು. ಸುಮಾರು 100 ಎಳೆಯನ್ನು ಪರೀಕ್ಷೆಗೆಂದು ಹಾಕಿ ಕೆಲವು ವಾರ ಕಾಯುವುದು ಈ ವಿಧಾನದ ರೂಢಿ. ಕೆಂಪಾಗಿದೆಯೇ, ಕೀವು ಬಂದಿದೆಯೇ, ಎಷ್ಟು ಉದುರಿತು ಎಂದು ನೋಡಿಯೇ ಮುಂದಿನ ಹೆಜ್ಜೆ. ಪರೀಕ್ಷೆಯನ್ನೇ ಹಾರಿಸಿ 'ಆಫರ್ ಈ ವಾರ ಮಾತ್ರ' ಅನ್ನುವವರ ಬಾಗಿಲಿಂದ ಹಿಂದಿರುಗುವುದೇ ಒಳ್ಳೆಯದು.

ಪರೀಕ್ಷೆಗೂ ಮಿತಿಯಿದೆ. ತಕ್ಷಣದ ಅಲರ್ಜಿ, ಬೇಗ ಬರುವ ಸೋಂಕು ಅದರಲ್ಲಿ ಗೊತ್ತಾಗುತ್ತದೆ. ಎರಡು ವರ್ಷದ ಬಳಿಕ ಬರುವ ತೊಂದರೆಯನ್ನು ನಾಲ್ಕು ವಾರದಲ್ಲಿ ಕಂಡುಹಿಡಿಯಲಾಗದು.

ದೇಹ ಸುಮ್ಮನಿರುವುದಿಲ್ಲ

ಹೊರಗಿನ ವಸ್ತು ಒಳಗೆ ಬಂದ ಕೂಡಲೇ ದೇಹದ ಕಾವಲು ಪಡೆ ಏಳುತ್ತದೆ. ಮೊದಲು ರಕ್ತದ ಪ್ರೋಟೀನುಗಳು ಎಳೆಗೆ ಮೆತ್ತಿಕೊಳ್ಳುತ್ತವೆ. ಅದರ ವಾಸನೆ ಹಿಡಿದು ಬಿಳಿ ರಕ್ತಕಣಗಳು ಬರುತ್ತವೆ. ಅವುಗಳಲ್ಲಿ ಮ್ಯಾಕ್ರೋಫೇಜ್ ಎಂಬ ಕಣಗಳು ಬ್ಯಾಕ್ಟೀರಿಯಾವನ್ನಾದರೆ ನುಂಗಿ ಹಾಕುತ್ತವೆ, ನೈಲಾನನ್ನು ನುಂಗಲಾರವು. ನುಂಗಲಾಗದ್ದಕ್ಕೆ ಒಂದಕ್ಕೊಂದು ಬೆಸೆದುಕೊಂಡು ದೈತ್ಯಕಣಗಳಾಗಿ ಎಳೆಯನ್ನು ಸುತ್ತುವರಿಯುತ್ತವೆ. ಕೊನೆಗೆ ನಾರುನಾರಾದ ಗಾಯದ ಅಂಗಾಂಶ ಕಟ್ಟಿ ಅದನ್ನು ಬೇರ್ಪಡಿಸುವ ಕೆಲಸ ನಡೆಯುತ್ತದೆ. ಈ ಕಾಳಗ ತಣ್ಣಗಾಗದೆ ಗಂಟುಗಂಟಾಗಿ ಉಬ್ಬಿ ನಿಂತರೆ ಅದೇ ಗ್ರಾನುಲೋಮಾ.

ತಮಾಷೆಯೆಂದರೆ ಎಳೆ ಅಲ್ಲಾಡದೆ ನಿಲ್ಲುವುದೂ ಈ ಗಾಯದ ನಾರಿನಿಂದಲೇ. ಗಂಟಿನ ಸುತ್ತ ನಾರು ಬೆಳೆದು ಬಿಗಿದುಕೊಂಡರೇನೇ ಅದು ಕಿತ್ತು ಬರದೆ ಉಳಿಯುತ್ತದೆ. ದೇಹ ಪೂರ್ತಿ ಸುಮ್ಮನಿದ್ದರೆ ಕೂದಲು ಜಾರುತ್ತದೆ, ಹೆಚ್ಚು ಕೆರಳಿದರೆ ನೆತ್ತಿ ಕೆಡುತ್ತದೆ. ಇವೆರಡರ ನಡುವಿನ ಕಿರಿದಾದ ದಾರಿಯಲ್ಲಿ ಸಾವಿರಾರು ಎಳೆಗಳೂ ಒಟ್ಟಿಗೆ ನಡೆಯಬೇಕು.

ಇದು ಗಂಟಿನ ಮಾತಾಯಿತು. ಮೇಲ್ಗಡೆಯ ತೂತಿನದು ಬೇರೆಯೇ ತೊಂದರೆ. ಚರ್ಮಕ್ಕೆ ಗಾಯವಾದರೆ ಅಂಚಿನ ಕೋಶಗಳು ಹರಿದು ಬಂದು ಮುಚ್ಚಲು ನೋಡುತ್ತವೆ. ನಡುವೆ ಎಳೆ ನಿಂತಿದೆ, ಮುಚ್ಚಲಾಗದು. ಆಗ ಅವು ಎಳೆಯ ಪಕ್ಕದಲ್ಲೇ ಕೆಳಗಿಳಿಯುತ್ತವೆ. ಕಿವಿ ಚುಚ್ಚಿಸಿದಾಗ ಆಗುವುದೂ ಇದೇ: ಕೆಲವು ವಾರದಲ್ಲಿ ತೂತಿನ ಒಳಗೋಡೆಗೆ ಚರ್ಮ ಹಬ್ಬಿ ಗಾಯ ಮಾಯುತ್ತದೆ. ಆದರೆ ಕಿವಿಯ ತೂತು ಎರಡೂ ಕಡೆ ತೆರೆದಿದೆ, ಕೊಳೆ ಹೊರಹೋಗಲು ದಾರಿಯಿದೆ, ಓಲೆ ತೆಗೆದು ತೊಳೆಯಲೂಬಹುದು. ನೆತ್ತಿಯ ತೂತು ಒಂದೇ ಬಾಯಿಯದು. ತಳ ಮುಚ್ಚಿದ ಈ ಬಾವಿಯಲ್ಲಿ ಎಣ್ಣೆಜಿಡ್ಡು, ಸತ್ತ ಚರ್ಮದ ಪುಡಿ, ಬೆವರು ಸೇರಿ ಬಿರಡೆಯಂತೆ ಕಟ್ಟಿಕೊಳ್ಳುತ್ತದೆ. ಈ ವಿಧಾನ ಮಾಡುವವರೇ ಆಗಾಗ ಬಂದು ಜಿಡ್ಡು ತೆಗೆಸಿಕೊಂಡು ಹೋಗಿ ಎಂದು ಹೇಳುವುದು ಇದಕ್ಕೆ. ಬಿಟ್ಟರೆ ಅಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ.

ನಮ್ಮ ಚರ್ಮದ ಮೇಲೆ ಸದಾ ಇರುವ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾಗಳಿಗೆ ಇಂಥ ಎಳೆಯೆಂದರೆ ಏಣಿ. ಪ್ಲಾಸ್ಟಿಕ್ಕಿನ ಮೇಲೆ ಅವು ಬಯೋಫಿಲ್ಮ್ ಎಂಬ ಲೋಳೆಪದರ ಕಟ್ಟಿಕೊಂಡರೆ ಆ್ಯಂಟಿಬಯೋಟಿಕ್ ಸರಿಯಾಗಿ ನಾಟುವುದಿಲ್ಲ. ಮಾತ್ರೆ ನುಂಗುವಾಗ ಕಮ್ಮಿ, ನಿಲ್ಲಿಸಿದರೆ ಮತ್ತೆ ಕೀವು. ಎಳೆ ತೆಗೆದರೇನೇ ವಾಸಿ. ಶಸ್ತ್ರಚಿಕಿತ್ಸೆಯ ನೈಲಾನ್ ಹೊಲಿಗೆಯನ್ನು ಒಂದೆರಡು ವಾರದೊಳಗೆ ಬಿಚ್ಚುತ್ತಾರಲ್ಲ, ಅದರ ಹಿಂದೆಯೂ ಇದೇ ಭಯವಿದೆ. ಇಲ್ಲಿ ಅಂಥದೇ ವಸ್ತುವನ್ನು ಅದೇ ಬಗೆಯಲ್ಲಿ ಚುಚ್ಚಿ ವರ್ಷಗಟ್ಟಲೆ ಬಿಡುತ್ತೇವೆ.

ನೆತ್ತಿಯ ರಚನೆ ಇನ್ನೊಂದು ಸಂಗತಿಯನ್ನು ಸೇರಿಸುತ್ತದೆ. ಗೇಲಿಯಾ ಪೊರೆಯ ಕೆಳಗೆ ಸಡಿಲವಾದ ಒಂದು ಪದರವಿದೆ. ತಲೆಚರ್ಮವನ್ನು ಬೆರಳಿಂದ ಒತ್ತಿ ಹಿಂದೆ ಮುಂದೆ ಸರಿಸಿದರೆ ಜಾರುತ್ತದಲ್ಲ, ಅದು ಈ ಪದರದ ದೆಸೆಯಿಂದ. ಅಂಗರಚನಾಶಾಸ್ತ್ರದ ಪಾಠದಲ್ಲಿ ಇದಕ್ಕೆ ಅಪಾಯದ ಪದರ ಎಂದೇ ಹೆಸರು. ಇಲ್ಲಿಗೆ ಸೋಂಕು ಇಳಿದರೆ ತಡೆಯಿಲ್ಲದೆ ಹರಡುತ್ತದೆ. ತಲೆಬುರುಡೆಯನ್ನು ತೂರಿಹೋಗುವ ಸಣ್ಣ ರಕ್ತನಾಳಗಳ ಮೂಲಕ ಒಳಕ್ಕೂ ಹೋಗಬಲ್ಲದು. ಮುಂದುಗಡೆ ಈ ಪದರ ರೆಪ್ಪೆಗಳ ತನಕ ಚಾಚಿದೆ. ನೆತ್ತಿಗೆ ಮಾಡಿದ ಚಿಕಿತ್ಸೆಗೆ ಮುಖ ಊದಿಕೊಂಡು ಕಣ್ಣು ಮುಚ್ಚಿಹೋಗುವುದು ಏಕೆ ಎಂಬುದಕ್ಕೆ ಇದೇ ಉತ್ತರ.

ಅಮೆರಿಕ ನಿಷೇಧಿಸಿದ ಮೊದಲ ಸಾಧನ

1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಈ ವ್ಯಾಪಾರ ಜೋರಾಗಿ ನಡೆಯಿತು. ಕಾರ್ಪೆಟ್ಟು, ಬಟ್ಟೆಗೆ ಬಳಸುವ ಜಾತಿಯ ಮೋಡಾಕ್ರಿಲಿಕ್, ಪಾಲಿಅಕ್ರಿಲಿಕ್, ಪಾಲಿಯೆಸ್ಟರ್ ಎಳೆಗಳನ್ನೇ ನೆತ್ತಿಗೆ ಸಿಕ್ಕಿಸಿದರು. ಸ್ವಲ್ಪ ದಿನಕ್ಕೇ ಚರ್ಮವೈದ್ಯರ ಬಳಿಗೆ ಕೀವು ತುಂಬಿದ ನೆತ್ತಿಗಳು ಬರತೊಡಗಿದವು. ಮುಖದ ಊತ, ನೋವು, ಗ್ರಾನುಲೋಮಾ, ಕಲೆ. ಎಳೆಗಳು ಮೇಲ್ಗಡೆ ತುಂಡಾಗಿ ಬುಡ ಒಳಗೇ ಉಳಿದು, ಶಸ್ತ್ರಚಿಕಿತ್ಸೆ ಮಾಡಿ ಹೆಕ್ಕಬೇಕಾಯಿತು. ಇದ್ದಬದ್ದ ಸ್ವಂತ ಕೂದಲೂ ಗಾಯದ ಕಲೆಯಡಿ ಹೋಯಿತು.

ವೈದ್ಯಕೀಯ ಸಾಧನವನ್ನು ನಿಷೇಧಿಸುವ ಅಧಿಕಾರ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಸಿಕ್ಕಿದ್ದು 1976ರ ಕಾಯ್ದೆಯಿಂದ. ಅದನ್ನು ಅದು ಮೊದಲ ಸಲ ಬಳಸಿದ್ದು 1983ರಲ್ಲಿ, ಈ ಕೃತಕ ಕೂದಲಿನ ಮೇಲೆ. ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಪಟ್ಟಿಯಲ್ಲಿ ಇದ್ದದ್ದು ಇದೊಂದೇ. ಎರಡನೆಯದಾಗಿ ಪೌಡರ್ ಹಾಕಿದ ಸರ್ಜಿಕಲ್ ಕೈಗವಸು ಸೇರಲು 2017 ಬರಬೇಕಾಯಿತು. ನಿಷೇಧಕ್ಕೆ ಕೊಟ್ಟ ಕಾರಣ ಎರಡು: ಕಾಯಿಲೆ ಮತ್ತು ಗಾಯದ ಗಣನೀಯ ಅಪಾಯ, ಅದರ ಜೊತೆಗೆ ಗಿರಾಕಿಗೆ ಆಗುತ್ತಿದ್ದ ಮೋಸ. ಎರಡನೆಯ ಕಾರಣವನ್ನು ಜನ ಮರೆತುಬಿಡುತ್ತಾರೆ. ಒಳಗೆ ಏನಾಗುತ್ತದೆಂದು ತಿಳಿಸಿದ್ದರೆ ಎಷ್ಟು ಮಂದಿ ತಲೆ ಕೊಡುತ್ತಿದ್ದರು ಎಂಬ ಪ್ರಶ್ನೆಯೂ ಅದರೊಳಗಿದೆ. ಸ್ವಂತ ಕೂದಲಿನ ಕಸಿಯನ್ನು ಈ ನಿಷೇಧದಿಂದ ಹೊರಗಿಟ್ಟಿದ್ದಾರೆ.

ಹಾಗಾದರೆ ಯುರೋಪಿನಲ್ಲಿ ಹೇಗೆ?

ಜಪಾನಿನಲ್ಲಿ ನಿಡೋ ಎಂಬ ಪಾಲಿಯೆಸ್ಟರ್ ಎಳೆಯೂ ಇಟಲಿಯ ಮೆಡಿಕ್ಯಾಪ್ ಕಂಪನಿಯಿಂದ ಬಯೋಫೈಬರ್ ಎಂಬ ಪಾಲಿಅಮೈಡ್ ಎಳೆಯೂ ಬಂದವು. ಇವು ಹಳೆಯ ಕಾರ್ಪೆಟ್ ಎಳೆಗಳಲ್ಲ. ದೇಹದೊಳಗಿಡಲು ಪರೀಕ್ಷಿಸಿದ ವಸ್ತು, ಕ್ರಿಮಿಮುಕ್ತ ಪ್ಯಾಕಿಂಗ್, ಎಳೆದರೆ ಬಿಚ್ಚಿಕೊಂಡು ಹೊರಬರಲೆಂದು ರೂಪಿಸಿದ ಗಂಟು. ಬಯೋಫೈಬರ್‌ಗೆ 1990ರ ದಶಕದಲ್ಲಿ ಯುರೋಪಿನ ನಿಯಮಗಳಿಗೆ ಹೊಂದುತ್ತದೆಂದು ಸೂಚಿಸುವ ಸಿಇ ಮುದ್ರೆ ಸಿಕ್ಕಿತು. ಹೊಸ ಎಳೆಗಳಲ್ಲಿ ತೊಂದರೆ ಹಳೆಯವುಗಳಿಗಿಂತ ಕಡಿಮೆ ಎಂದು ಹೇಳುವ ವರದಿಗಳಿವೆ. ನಂಬಬಹುದಾದ ಮಾತೇ, ಏಕೆಂದರೆ ಹಳೆಯವು ಅಷ್ಟು ಕೆಟ್ಟದಾಗಿದ್ದವು. ಆದರೆ ಆ ಅಧ್ಯಯನಗಳು ಹೆಚ್ಚಾಗಿ ಸಣ್ಣವು. ಆರಿಸಿದ ರೋಗಿಗಳ ಮೇಲೆ, ಕಟ್ಟುನಿಟ್ಟಾದ ಆರೈಕೆಯಲ್ಲಿ ಮಾಡಿದವು. ಹೊಸ ವಸ್ತು ಬಂದರೂ ತೂತು ಹಾಗೆಯೇ ಇದೆ ಎಂಬುದನ್ನೂ ನೆನಪಿಡಬೇಕು.

ಭಾರತದಲ್ಲಿ ಆಮದಾಗುವ ವೈದ್ಯಕೀಯ ಸಾಧನಗಳಿಗೆ 2017ರ ನಿಯಮಗಳಡಿ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ ಪರವಾನಗಿ ಬೇಕು. ಕರ್ನಾಟಕದ ಖಾಸಗಿ ಕ್ಲಿನಿಕ್‌ಗಳು ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಕೆಪಿಎಂಇ) ನೋಂದಣಿಯಾಗಿರಬೇಕು. ಕೂದಲು ಕಸಿಯ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಮಾರ್ಗಸೂಚಿ ಹೊರಡಿಸಿ, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಲ್ಲ ಎಂದು ಬರೆಯಬೇಕಾಗಿ ಬಂತು. ಅಂಥದ್ದನ್ನು ಬರೆದು ಹೇಳಬೇಕಾದ ಮಾರುಕಟ್ಟೆ ಇದು. ಎಳೆಯ ಬ್ರ್ಯಾಂಡ್ ಯಾವುದು, ಆಮದು ಪರವಾನಗಿ ಸಂಖ್ಯೆ ಏನು, ಸೂಜಿ ಹಿಡಿಯುವವರು ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿ ಓದಿದ ವೈದ್ಯರೇ, ಟೆಕ್ನಿಷಿಯನ್ನೇ ಎಂದು ಕೇಳುವುದಕ್ಕೆ ಸಂಕೋಚ ಬೇಡ.

ಬಾಳಿಕೆಯ ಲೆಕ್ಕ

ತೊಂದರೆ ಏನೂ ಆಗದ ಅದೃಷ್ಟವಂತರ ಲೆಕ್ಕ ನೋಡೋಣ. ಹೊಸ ಎಳೆಗಳಲ್ಲೂ ವರ್ಷಕ್ಕೆ ಶೇ 10ರಿಂದ 20 ಉದುರುತ್ತವೆ ಎಂಬುದು ಈ ವಿಧಾನದವರೇ ಒಪ್ಪುವ ಅಂಕಿ. ಶೇ 15 ಎಂದು ಹಿಡಿಯಿರಿ. 3,000 ಎಳೆ ಹಾಕಿಸಿದರೆ ವರ್ಷದ ಕೊನೆಗೆ 2,550, ಮೂರನೆಯ ವರ್ಷಕ್ಕೆ ಸುಮಾರು 1,840, ಐದನೆಯ ವರ್ಷಕ್ಕೆ 1,330. ಅರ್ಧಕ್ಕಿಂತ ಕಡಿಮೆ. ತುಂಬುಗೂದಲು ಹಾಗೇ ಕಾಣಬೇಕಾದರೆ ವರ್ಷವರ್ಷ 450 ಎಳೆ ಹೊಸದಾಗಿ ಚುಚ್ಚಿಸಬೇಕು, ಪ್ರತಿ ಸಲವೂ ಹೊಸ ಗಾಯ, ಹೊಸ ಬಿಲ್ಲು. ಮೊದಲ ದಿನ ಹೇಳುವ ದರ ಪೂರ್ತಿ ದರವಲ್ಲ.

ಉದುರದೆ ಉಳಿದದ್ದೂ ಹೊಸದಾಗಿ ಉಳಿಯುವುದಿಲ್ಲ. ದೇಹದ ತೇವದಲ್ಲಿ ನೈಲಾನ್ ನಿಧಾನಕ್ಕೆ ಬಲ ಕಳೆದುಕೊಳ್ಳುತ್ತದೆ. ಒಳಗೆ ಬಿಟ್ಟ ನೈಲಾನ್ ಹೊಲಿಗೆ ವರ್ಷಕ್ಕೆ ಸುಮಾರು ಶೇ 15–20ರಷ್ಟು ಬಲ ಕಳೆದುಕೊಳ್ಳುತ್ತದೆಂದು ಶಸ್ತ್ರವೈದ್ಯರಿಗೆ ಗೊತ್ತು. ಹೊರಗಿನ ಭಾಗ ಬಿಸಿಲು, ಬಾಚಣಿಗೆಗೆ ಸಿಕ್ಕಿ ಸುರುಟುತ್ತದೆ. ಹೇರ್ ಡ್ರೈಯರಿನ ಬಿಸಿ, ಬಣ್ಣದ ರಾಸಾಯನಿಕ ಆಗಿಬರುವುದಿಲ್ಲ. ಸಲೂನಿನಲ್ಲಿ ತಪ್ಪಿ ಗಿಡ್ಡ ಕತ್ತರಿಸಿದರೆ ಅಷ್ಟೇ, ಅದು ಗಿಡ್ಡವೇ. ನಲವತ್ತಕ್ಕೆ ಹಾಕಿಸಿದ ಕಪ್ಪು ಐವತ್ತಕ್ಕೆ ಕಿವಿಯ ಪಕ್ಕದ ಬಿಳಿಯ ಜೊತೆ ಹೊಂದುವುದಿಲ್ಲ.

ದಿನಾ ಒಂದೆರಡು ಗಂಟೆ ಹೆಲ್ಮೆಟ್ ಹಾಕಿ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬೇಯುವವರಿಗೆ ಇನ್ನೊಂದು ಯೋಚನೆ: ಬೆವರು, ಒತ್ತಡ, ತಿಕ್ಕಾಟ, ಈ ಎಳೆಗಳಿಗೆ ಯಾವುದು ಆಗದೋ ಅದೆಲ್ಲ ಆ ಟೋಪಿಯೊಳಗಿದೆ.

ಯಾರಿಗೆ ಬೇಡವೇ ಬೇಡ, ಬೇರೆ ಏನಿದೆ

ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುವವರು, ನೆತ್ತಿಯಲ್ಲಿ ಸೋರಿಯಾಸಿಸ್, ಜಿಡ್ಡು ಹೊಟ್ಟಿನ ಉರಿಯೂತ ಇರುವವರು, ಗಾಯದ ಕಲೆ ಉಬ್ಬಿ ಬೆಳೆಯುವ ಗುಣದವರು ಇದರ ಹತ್ತಿರವೂ ಹೋಗಬಾರದು. ವಯಸ್ಸು ಚಿಕ್ಕದಿದ್ದು ಮುಂದೆ ಕಸಿ ಮಾಡಿಸುವ ಆಸೆಯಿದ್ದರೂ ಅಷ್ಟೇ. ಕಲೆಗಟ್ಟಿದ ನೆತ್ತಿಯಲ್ಲಿ ರಕ್ತದ ಓಡಾಟ ಕಡಿಮೆ, ಆಮೇಲೆ ಇಟ್ಟ ಸ್ವಂತ ಕೂದಲೂ ಸರಿಯಾಗಿ ಹಿಡಿಯದು.

ಬೋಳಿಗೆ ಎಫ್‌ಡಿಎ ಒಪ್ಪಿದ ಔಷಧಗಳಲ್ಲಿ ಹಳೆಯವು ಎರಡು: ಹಚ್ಚುವ ಮಿನಾಕ್ಸಿಡಿಲ್ 1988ರಿಂದ, ಗಂಡಸರಿಗೆ ನುಂಗುವ ಫಿನಾಸ್ಟರೈಡ್ 1997ರಿಂದ. ಇರುವ ಕೂದಲನ್ನು ಉಳಿಸಿಕೊಳ್ಳಲು ಇವು ಹೆಚ್ಚು ಉಪಯೋಗ, ನಿಲ್ಲಿಸಿದರೆ ಫಲವೂ ನಿಲ್ಲುತ್ತದೆ, ಅಡ್ಡಪರಿಣಾಮಗಳನ್ನು ವೈದ್ಯರ ಬಳಿ ಕೇಳಿಯೇ ಶುರು ಮಾಡಬೇಕು. ಹಿಂದಲೆ ಖಾಲಿಯಾದ ಕೆಲವರಿಗೆ ಗಡ್ಡದ ಕೂದಲನ್ನೇ ಕಸಿಗೆ ಬಳಸುತ್ತಾರೆ. ನೆತ್ತಿಗೆ ಚುಕ್ಕಿಚುಕ್ಕಿಯಾಗಿ ಬಣ್ಣ ಹಚ್ಚೆ ಹಾಕಿ, ಬೋಳಿಸಿದ ತಲೆಯಂತೆ ಕಾಣಿಸುವ ಮೈಕ್ರೋಪಿಗ್ಮೆಂಟೇಶನ್ ಇದೆ. ಒಳ್ಳೆಯ ವಿಗ್ ಇದೆ. ಪ್ರಯೋಗಶಾಲೆಯಲ್ಲಿ ಕೂದಲ ಚೀಲವನ್ನೇ ಬೆಳೆಸುವ ಸಂಶೋಧನೆಯಲ್ಲಿ ಜಪಾನಿನ ವಿಜ್ಞಾನಿಗಳು ಇಲಿಗಳ ಮೇಲೆ ಯಶಸ್ಸು ಕಂಡಿದ್ದಾರೆ. ಮನುಷ್ಯರ ತಲೆಗೆ ಅದಿನ್ನೂ ಬಂದಿಲ್ಲ, ಬಂದಿದೆ ಎನ್ನುವ ಜಾಹೀರಾತು ಸುಳ್ಳು.

ಈಗಾಗಲೇ ಹಾಕಿಸಿಕೊಂಡಿದ್ದರೆ

ಗಾಬರಿ ಬೇಡ, ತೊಂದರೆ ಇಲ್ಲದಿದ್ದರೆ ತಕ್ಷಣ ತೆಗೆಸಬೇಕೆಂದೇನೂ ಇಲ್ಲ. ನೆತ್ತಿ ಕೆಂಪಾಗಿ ಬಿಸಿಯಾಗುವುದು, ಒತ್ತಿದರೆ ಕೀವು, ಕಿವಿಯ ಹಿಂದೆ ಅಥವಾ ಕುತ್ತಿಗೆಯಲ್ಲಿ ಗಂಟು, ಎಳೆಗಳು ಗುಂಪುಗುಂಪಾಗಿ ಉದುರುವುದು, ಇವು ಕಂಡರೆ ಹಾಕಿದ ಕ್ಲಿನಿಕ್ಕಿಗೇ ಹೋಗಬೇಕೆಂದಿಲ್ಲ. ಯಾವುದೇ ಚರ್ಮವೈದ್ಯರಿಗೆ ತೋರಿಸಬಹುದು. ಜ್ವರ, ವಿಪರೀತ ತಲೆನೋವು, ರೆಪ್ಪೆಯ ತನಕ ಊತ ಬಂದರೆ ಮರುದಿನದ ಅಪಾಯಿಂಟ್‌ಮೆಂಟಿಗೆ ಕಾಯದೆ ಆಸ್ಪತ್ರೆಗೆ ಹೋಗಿ. ಎಳೆಯ ಬ್ರ್ಯಾಂಡ್, ಬ್ಯಾಚ್ ಸಂಖ್ಯೆ, ಹಾಕಿದ ತಾರೀಖು ಬರೆದ ಚೀಟಿ ಜೊತೆಗಿರಲಿ, ಇಲ್ಲದಿದ್ದರೆ ಈಗಲೇ ಕೇಳಿ ಪಡೆಯಿರಿ. ಕನ್ನಡಿಯ ಮುಂದೆ ನಿಂತು ಚಿಮಟದಲ್ಲಿ ಎಳೆದು ಕೀಳುವ ಕೆಲಸ ಮಾತ್ರ ಬೇಡ: ಎಳೆ ಚರ್ಮದ ಮಟ್ಟಕ್ಕೆ ತುಂಡಾದರೆ ಸೋಂಕು ಹಿಡಿದ ಗಂಟು ಒಳಗೇ ಉಳಿಯುತ್ತದೆ, ಆಮೇಲೆ ಅದನ್ನು ಹುಡುಕಿ ತೆಗೆಯಲು ನೆತ್ತಿ ಕೊಯ್ಯಬೇಕಾಗುತ್ತದೆ.